ಡೊನೇಷನ್ ಅನ್ನೋ ಪದದ ಕಥೆ

ನಮ್ಮ ದಾವಣಗೆರೆ ಕಡೆ ಇಂಜಿನಿಯರಿಂಗ್ ಸೀಟಿನ ಬಗ್ಗೆ ಮಾತಾಡೋವಾಗ ಎರಡು ಮಾತು ಬಳಕೆಯಲ್ಲಿವೆ. ಒಂದು "ಸೀಟು ಸಿಕ್ತಂತೆ". ಇನ್ನೊಂದು "ಸೀಟು ತಗಂಡ್ರಂತೆ". ಮೊದಲನೆಯದು ಕೇಳಿದವರು "ಎಷ್ಟನೇ ರ್‍ಯಾಂಕು?" ಅಂತಾರೆ. ಎರಡನೆಯದು ಕೇಳಿದವರು "ಎಷ್ಟಕ್ಕೆ?" ಅಂತಾರೆ. ನಮ್ಮೂರು ಲೋಕಿಕೆರೆಯ ಕಟ್ಟೆ ಮೇಲೆ ಕೂತ, ಕಾಲೇಜಿನ ಮೆಟ್ಟಿಲು ಹತ್ತದ ಅಜ್ಜನಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಈ "ತಗೊಳ್ಳೋದು" ಯಾವಾಗ ಶುರುವಾಯ್ತು, "ಸಿಗೋದು" ಅಂದ್ರೆ ನಿಜವಾಗಿ ಏನು ಅಂತ ನಂಗೆ ಬಹಳ ದಿನದಿಂದ ಕುತೂಹಲ. ನಾನೂ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೋಡ್ ಬರೀತಾ ಇರೋನು. ಆಫೀಸಿನಲ್ಲಿ ಮೀಸಲಾತಿ, ಮೆರಿಟ್ಟು ಅಂತ ಚರ್ಚೆ ಆಗಾಗ ಬರುತ್ತೆ. ಎಲ್ಲರೂ ತಮ್ಮ ತಲೆಯಿಂದಲೇ ಮೇಲೆ ಬಂದವರ ಹಾಗೆ ಮಾತಾಡ್ತಾರೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಅನ್ನಿಸ್ತು. ಪೋಸ್ಟು ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :)

ಶುರು ಮಾಡೋದು ನಮ್ಮೆಲ್ಲರ ಆರಾಧ್ಯ ದೈವ ಸರ್ ಎಂ. ವಿಶ್ವೇಶ್ವರಯ್ಯನವರಿಂದ. ಮೈಸೂರು ಸಂಸ್ಥಾನದ ಮೊದಲ ಇಂಜಿನಿಯರಿಂಗ್ ಕಾಲೇಜು ಬೆಂಗಳೂರಲ್ಲಿ ಶುರುವಾಗಿದ್ದು 1917ರಲ್ಲಿ, ಅವರು ದಿವಾನರಾಗಿದ್ದಾಗ. ಅದೇ ಈಗಿನ ಯು.ವಿ.ಸಿ.ಇ. ಅದರ ಮರುವರ್ಷವೇ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಕಾರಣ ಸರಳ. ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರಿದ್ದರು, ಜನಸಂಖ್ಯೆಯಲ್ಲಿ ಅವರ ಪಾಲು ಬಹಳ ಕಡಿಮೆ. ಉಳಿದವರು ಏನು ಮಾಡಬೇಕು ಅನ್ನೋದು ಪ್ರಶ್ನೆ.

ಇದು ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆ ಇರಲಿಲ್ಲ. ಹುದ್ದೆಗೆ ಅರ್ಹತೆಯೇ ಅಳತೆ ಆಗಬೇಕು, ಹಿಂದುಳಿದವರಿಗೆ ವಿದ್ಯೆ ಕೊಟ್ಟು ಮೇಲೆ ತರಬೇಕು ಅನ್ನೋದು ಅವರ ನಿಲುವು. ಆ ವರ್ಷವೇ ಅವರು ದಿವಾನಗಿರಿ ಬಿಟ್ಟರು. 1919ರಲ್ಲಿ ಮಿಲ್ಲರ್ ವರದಿ ಬಂತು, 1921ರ ಹೊತ್ತಿಗೆ ಸರ್ಕಾರದ ಆದೇಶವೂ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಿಶ್ವೇಶ್ವರಯ್ಯನವರು ಬಾಲ್ಯದಲ್ಲೇ ತಂದೆಯನ್ನ ಕಳಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು. ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಅವರ ಬುದ್ಧಿ, ದುಡಿಮೆ ಎರಡೂ ಅಪಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರ ಆ ದುಡ್ಡು ಕೊಡದೇ ಇದ್ದಿದ್ರೆ? ಮುದ್ದೇನಹಳ್ಳಿಯ ಆ ಹುಡುಗ ಪುಣೆ ನೋಡ್ತಿದ್ದನೋ ಇಲ್ವೋ. ನಮ್ಮ ನಾಡಿನ ಅತಿ ದೊಡ್ಡ ಇಂಜಿನಿಯರಿಗೂ ಮೆರಿಟ್ಟಿನ ಜತೆಗೆ ಇನ್ನೊಬ್ಬರ ಕೈ ಬೇಕಾಗಿತ್ತು ಅನ್ನೋದು ನಂಗೆ ಮುಖ್ಯ ಅನ್ನಿಸುತ್ತೆ.

ಈಗ ದಾವಣಗೆರೆಗೆ ಬರೋಣ.

1946ರವರೆಗೆ ಮೈಸೂರು ಸಂಸ್ಥಾನಕ್ಕೆ ಇದ್ದಿದ್ದು ಅದೊಂದೇ ಇಂಜಿನಿಯರಿಂಗ್ ಕಾಲೇಜು. ಆಮೇಲೆ ಬೆಂಗಳೂರಿನ ಬಿ.ಎಂ.ಎಸ್., ಮೈಸೂರಿನ ಎನ್.ಐ.ಇ. ಬಂದವು. ಆ ಕಡೆ ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಗೆ 1947ರಲ್ಲಿ ಬಿ.ವಿ.ಬಿ. ಬಂತು. 1951ರಲ್ಲಿ ದಾವಣಗೆರೆಗೆ ಬಿ.ಡಿ.ಟಿ. ಕಾಲೇಜು. ಆಗ ದಾವಣಗೆರೆ ಜಿಲ್ಲಾ ಕೇಂದ್ರವೂ ಅಲ್ಲ, ಚಿತ್ರದುರ್ಗ ಜಿಲ್ಲೆಯ ಒಂದು ಊರು. ಹತ್ತಿ ವ್ಯಾಪಾರ, ಹತ್ತಿ ಗಿರಣಿ, ಮಂಡಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದಿದ್ದು ಅದಕ್ಕೇ. ಅಂಥ ಊರಿಗೆ ಇಂಜಿನಿಯರಿಂಗ್ ಕಾಲೇಜು ಬಂದಿದ್ದರ ಹಿಂದೆ ಊರಿನ ದಾನಿಗಳಿದ್ದರು. ಬಿ.ಡಿ.ಟಿ. ಅಂದ್ರೆ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್. ದಾನ ಕೊಟ್ಟವರ ಹೆಸರೇ ಕಾಲೇಜಿಗೆ.

ಅಂದ್ರೆ 1951ರಲ್ಲಿ ನಮ್ಮೂರ ಕಡೆ ಡೊನೇಷನ್ ಅಂದ್ರೆ ಏನು? ಉಳ್ಳವರು ಕೊಡೋದು, ಇಲ್ಲದವರ ಮಕ್ಕಳೂ ಓದಲಿ ಅಂತ.

ಆ ಕಾಲದಲ್ಲಿ ಒಂದು ಸರ್ಟಿಫಿಕೇಟಿನ ಬೆಲೆ ಏನು ಅಂತ ತಿಳೀಬೇಕಾದ್ರೆ ಪಕ್ಕದ ಹರಿಹರ ನೋಡಬೇಕು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯ್ತು. ಅದು ಲೇತ್ ಯಂತ್ರಗಳನ್ನ ಮಾಡ್ತಿದ್ದ ಕಾರ್ಖಾನೆ. ಇಂಥ ಯಾವುದೇ ಕಾರ್ಖಾನೆ ತಗೊಳ್ಳಿ. ಐ.ಟಿ.ಐ. ಮಾಡಿದವನು ಯಂತ್ರದ ಮುಂದೆ ನಿಲ್ತಾನೆ. ಡಿಪ್ಲೊಮಾ ಮಾಡಿದವನು ಅವನ ಹಿಂದೆ ನಿಲ್ತಾನೆ. ಬಿ.ಇ. ಮಾಡಿದವನು ಕುರ್ಚಿ ಮೇಲೆ ಕೂರ್ತಾನೆ. ಸಂಬಳ ಬೇರೆ, ಕ್ವಾರ್ಟರ್ಸು ಬೇರೆ, ಮಕ್ಕಳು ಹೋಗೋ ಶಾಲೆಯೂ ಬೇರೆ. ಇಪ್ಪತ್ತನೇ ವಯಸ್ಸಿನ ಒಂದು ಕಾಗದ ಮುಂದಿನ ತಲೆಮಾರಿನ ತನಕ ನಡೀತಿತ್ತು. ಅಂಥ ಕಾಗದಕ್ಕೆ ಜನ ಮುಗಿಬೀಳದೆ ಇರ್ತಾರಾ?

ಮುಗಿಬಿದ್ದರು. ಸೀಟು ಕಡಿಮೆ, ಕೇಳೋರು ಜಾಸ್ತಿ. ಯಾರಿಗೆ ಕೊಡೋದು? 1960ರಲ್ಲಿ ಸರ್ಕಾರ ನಾಗನಗೌಡ ಸಮಿತಿ ಮಾಡಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಯಾವ ಜಾತಿಯ ಎಷ್ಟು ಮಕ್ಕಳಿದ್ದಾರೆ ಅನ್ನೋದು ಆಗಿನ ಅಳತೆ. ರಾಜ್ಯದ ಸರಾಸರಿ ಸಾವಿರಕ್ಕೆ 6.9. ಹೌದು, ಸಾವಿರ ಜನಕ್ಕೆ ಏಳು ಮಕ್ಕಳು ಕೂಡ ಇಲ್ಲ! ಇನ್ನು ಇಂಜಿನಿಯರಿಂಗ್ ಎಲ್ಲಿಂದ ಬಂತು?

1962ರ ಜುಲೈ 31ರಂದು ಸರ್ಕಾರ ಒಂದು ಆದೇಶ ಹೊರಡಿಸಿತು. ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ 28, ಅತಿ ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಒಟ್ಟು ಶೇ 68. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದೇ ಎಂ.ಆರ್. ಬಾಲಾಜಿ ಕೇಸು. ಅದೇ ಸೆಪ್ಟೆಂಬರಲ್ಲಿ ತೀರ್ಪು ಬಂತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪು ಆದೇಶವನ್ನ ಹೊಡೆದುಹಾಕಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅಂತ ಹೇಳಿತು. ಇವತ್ತು ದೇಶದ ತುಂಬ ಟಿವಿ ಚರ್ಚೆಗಳಲ್ಲಿ ಕೇಳಿಬರೋ "ಶೇ 50ರ ಮಿತಿ" ಹುಟ್ಟಿದ್ದು ನಮ್ಮ ರಾಜ್ಯದ ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳ ಜಗಳದಲ್ಲಿ! ನಮ್ಮಲ್ಲಿ ಎಷ್ಟು ಜನ ಇಂಜಿನಿಯರುಗಳಿಗೆ ಇದು ಗೊತ್ತು?

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಬರೀ ಜಾತಿ ನೋಡಬೇಡಿ ಅಂತ ಕೋರ್ಟು ಹೇಳಿತಲ್ಲ, 1963ರಲ್ಲಿ ಸರ್ಕಾರ ಜಾತಿಯನ್ನೇ ಬಿಟ್ಟು ವರ್ಗ ಹಿಡಿಯಿತು. ಕುಟುಂಬದ ಆದಾಯ ವರ್ಷಕ್ಕೆ 1,200 ರೂಪಾಯಿಗಿಂತ ಕಡಿಮೆ ಇರಬೇಕು. ಕಸುಬು ಬೇಸಾಯವೋ, ಕೈಕೆಲಸವೋ, ಸಣ್ಣ ವ್ಯಾಪಾರವೋ, ಕೆಳದರ್ಜೆಯ ನೌಕರಿಯೋ, ಇಲ್ಲಾ ಮೈಮುರಿದು ಮಾಡೋ ಕೆಲಸವೋ ಆಗಿರಬೇಕು. ಅಂಥವರ ಮಕ್ಕಳಿಗೆ ಶೇ 30 ಸೀಟು. "ಜಾತಿ ಬೇಡ, ಆರ್ಥಿಕ ಸ್ಥಿತಿ ನೋಡಿ" ಅಂತ ಇವತ್ತು ಎಲ್ಲರೂ ಹೊಸ ಐಡಿಯಾ ಥರ ಹೇಳ್ತಾರಲ್ಲ, ಅದನ್ನ ನಾವು ಅರವತ್ತು ವರ್ಷದ ಹಿಂದೆಯೇ ಮಾಡಿ ನೋಡಿದ್ದೀವಿ.

ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ಹಳ್ಳಿಯಲ್ಲಿ ಬೆಳೆದವರಿಗೆ ಇದರ ತೊಡಕು ಕೂಡಲೇ ಗೊತ್ತಾಗುತ್ತೆ. ಎರಡು ಎಕರೆ ಖುಷ್ಕಿಯವನೂ ಬೇಸಾಯಗಾರ, ಇಪ್ಪತ್ತು ಎಕರೆ ನೀರಾವರಿಯವನೂ ಬೇಸಾಯಗಾರ. ಭತ್ತದ ದುಡ್ಡಿಗೆ ಸಂಬಳದ ಚೀಟಿ ಇರಲ್ಲ. ಆದಾಯ ಪತ್ರದಲ್ಲಿ ಎಷ್ಟು ಬರೆಸಬೇಕು ಅನ್ನೋದು ಬರೆಸೋನ ಪ್ರಭಾವಕ್ಕೆ ಬಿಟ್ಟಿದ್ದು. ಕೇರಿಯ ಹುಡುಗನೂ ಗೌಡರ ಮನೆ ಹುಡುಗನೂ ಕಾಗದದ ಮೇಲೆ ಒಂದೇ ಆಗಿಬಿಡ್ತಾರೆ. ಸಾಲದ್ದಕ್ಕೆ ಆಗ ಸಂದರ್ಶನಕ್ಕೂ ಅಂಕ ಇತ್ತು. 1964ರ ಚಿತ್ರಲೇಖಾ ಕೇಸಿನಲ್ಲಿ ಕೋರ್ಟು ಅದನ್ನ ಸರಿ ಅಂತ ಒಪ್ಪಿಕೊಂಡಿತು. ಇಂಗ್ಲಿಷ್ ಬಾರದ, ಇಸ್ತ್ರಿ ಬಟ್ಟೆ ಇಲ್ಲದ ಹುಡುಗ ದೊಡ್ಡವರ ಮುಂದೆ ಕೂತು ಏನು ಮಾತಾಡಿರಬಹುದು, ಊಹಿಸಿ.

1972ರಲ್ಲಿ ದೇವರಾಜ ಅರಸು ಸರ್ಕಾರ ಎಲ್.ಜಿ. ಹಾವನೂರು ಆಯೋಗ ನೇಮಿಸಿತು. 1975ರಲ್ಲಿ ವರದಿ ಬಂತು. ಜಾತಿ ಮತ್ತೆ ಲೆಕ್ಕಕ್ಕೆ ಬಂತು. ಈ ಭಾಗ ನಿಮಗೆಲ್ಲ ಗೊತ್ತಿರೋದೇ, ಬಿಟ್ಟು ಮುಂದೆ ಹೋಗ್ತೀನಿ. ಯಾಕಂದ್ರೆ ಅಷ್ಟೊತ್ತಿಗೆ ಇನ್ನೊಂದು ಬಾಗಿಲು ತೆರೆದಿತ್ತು.

ದುಡ್ಡಿನ ಬಾಗಿಲು.

ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕದಲ್ಲಿ ರಾಜ್ಯದ ಊರೂರಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಎದ್ದವು. ಸರ್ಕಾರದ ಹತ್ತಿರ ಕಾಲೇಜು ಕಟ್ಟೋಕೆ ದುಡ್ಡಿರಲಿಲ್ಲ. ಓದೋ ಆಸೆ ಇದ್ದ ಮಕ್ಕಳು ಬೇಕಾದಷ್ಟಿದ್ದರು. ಈ ಕಾಲೇಜುಗಳು ಇರದಿದ್ರೆ ನಮ್ಮ ಕಡೆಯ ಸಾವಿರಾರು ಜನ ಇಂಜಿನಿಯರು, ಡಾಕ್ಟರು ಆಗ್ತಾನೇ ಇರಲಿಲ್ಲ, ಇದನ್ನ ಒಪ್ಪಲೇಬೇಕು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ದಾವಣಗೆರೆಯ ಲಾಡ್ಜು, ಖಾನಾವಳಿ, ಬೆಣ್ಣೆದೋಸೆ ಹೋಟೆಲುಗಳು ನಡೆದಿದ್ದರಲ್ಲಿ ಕಾಲೇಜಿನ ಹುಡುಗರ ಪಾಲು ದೊಡ್ಡದು.

ಆದರೆ ಆ ಹೊತ್ತಿಗೆ ರಾಜ್ಯದ ತುಂಬ ಡೊನೇಷನ್ ಅನ್ನೋ ಪದ ಉಲ್ಟಾ ತಿರುಗಿತ್ತು. ಈಗ ಡೊನೇಷನ್ ಕೊಡೋನು ಶ್ರೀಮಂತ ದಾನಿ ಅಲ್ಲ, ಸೀಟು ಬೇಕಾದ ಅಪ್ಪ. ತಗೊಳ್ಳೋದು ಸಂಸ್ಥೆ. ಕೊಟ್ಟವನ ಹೆಸರು ಕಾಲೇಜಿನ ಬೋರ್ಡಿನ ಮೇಲೆ ಬರಲ್ಲ, ರಸೀದಿ ಮೇಲೂ ಬರಲ್ಲ. ಮೂವತ್ತು ವರ್ಷದಲ್ಲಿ ದಾನ ಅನ್ನೋ ಅರ್ಥದ ಪದ ಬೆಲೆ ಅನ್ನೋ ಅರ್ಥಕ್ಕೆ ಬಂದುಬಿಟ್ಟಿತು. ನಮ್ಮಪ್ಪ ಪಿ.ಯು.ಸಿ. ಮುಗಿಸಿದ್ದು ಆ ದಿನಗಳಲ್ಲಿ. ಸೈನ್ಸು, ಅಂಕ ಪರವಾಗಿಲ್ಲ, ಆದರೆ ಸರ್ಕಾರಿ ಸೀಟಿಗೆ ಸಾಲದು. ಅಜ್ಜ ಒಂದೆಡೆ ವಿಚಾರಿಸಿ ಬಂದು, ರಾತ್ರಿ ಊಟ ಮಾಡ್ತಾ "ಹೊಲ ಮಾರಿದ್ರೆ ನೀನೊಬ್ಬ ಓದ್ತಿ, ಉಳಿದ ಮೂವರು ಏನ್ ಉಣ್ಣಬೇಕು?" ಅಂದನಂತೆ. ಅಪ್ಪ ಮರುದಿನದಿಂದ ಹೊಲಕ್ಕೆ ಹೋದ. ಈಗಲೂ ಹೋಗ್ತಾನೆ.

1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ಬಂತು. ಆದರೆ ಅದೇ ಕಾಯಿದೆಯಡಿ ಶುಲ್ಕ ನಿಗದಿ ಮಾಡೋ ಅಧಿಕಾರವೂ ಸರ್ಕಾರಕ್ಕೆ ಇತ್ತು. 1989ರ ಅಧಿಸೂಚನೆ ನೋಡಿ. ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000ದವರೆಗೆ. ಹೊರಗಿನವರಿಗೆ 60,000ದವರೆಗೆ. ಒಂದೇ ಬೆಂಚು, ಒಂದೇ ಪಾಠ, ಮೂರು ರೇಟು. ಮೀರತ್‌ನ ಮೋಹಿನಿ ಜೈನ್ ಅನ್ನೋ ಹುಡುಗಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಅರ್ಜಿ ಹಾಕಿ, ಅಷ್ಟು ದುಡ್ಡು ಹೊಂದಿಸೋಕೆ ಆಗದೆ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈ 30ರಂದು ಕೋರ್ಟು ಹೇಳಿತು: ಶಿಕ್ಷಣ ಹಕ್ಕು, ಕ್ಯಾಪಿಟೇಷನ್ ಶುಲ್ಕ ಅದನ್ನ ಮಾರಿದ ಹಾಗೆ. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಆ ಹಕ್ಕನ್ನ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಮಿತ ಮಾಡಿ, ಖಾಸಗಿ ಕಾಲೇಜಿನ ಸೀಟುಗಳನ್ನ ಅರ್ಧ ಫ್ರೀ, ಅರ್ಧ ಪೇಮೆಂಟ್ ಅಂತ ಹಂಚಿತು. ಅದರ ಬೆನ್ನಿಗೇ, 1994ರಲ್ಲಿ, ನಮ್ಮ ಸಿ.ಇ.ಟಿ. ಘಟಕ ಬಂತು. 2002ರಲ್ಲಿ ಟಿ.ಎಂ.ಎ. ಪೈ ಕೇಸಿನಲ್ಲಿ ಈ ಹಂಚಿಕೆಯೂ ಬಿದ್ದುಹೋಯ್ತು. ಆದರೆ ಸಿ.ಇ.ಟಿ. ಉಳೀತು.

ನಂಗೆ ಸೀಟು "ಸಿಕ್ಕಿದ್ದು" ಆ ಸಿ.ಇ.ಟಿ.ಯಿಂದ. ಹಳ್ಳಿಯಲ್ಲಿ ಒಂದರಿಂದ ಹತ್ತನೇ ತರಗತಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಅಂತ ಅದರಲ್ಲಿದೆ. ಹೆಡ್‌ಮಾಸ್ತರ ಸಹಿ, ಅದರ ಮೇಲೆ ಬಿ.ಇ.ಓ. ಸಹಿ ಹಾಕಿಸಿಕೊಂಡ ಆ ಕಾಗದ ಇರದಿದ್ರೆ ನನ್ನ ರ್‍ಯಾಂಕಿಗೆ ಆ ಕಾಲೇಜು ಬರ್ತಾ ಇರಲಿಲ್ಲ. ಇದನ್ನ ಹೇಳೋಕೆ ನಂಗೆ ಒಂಚೂರೂ ನಾಚಿಕೆ ಇಲ್ಲ.

ಆದರೆ ಪೂರ್ತಿ ನ್ಯಾಯ ಅಂತಲೂ ಹೇಳಲಾರೆ. ನನ್ನ ಜತೆ ಹತ್ತನೇ ತರಗತಿ ಓದಿದವರಲ್ಲಿ ಲೆಕ್ಕದಲ್ಲಿ ನನಗಿಂತ ಮುಂದಿದ್ದ ಒಬ್ಬಳಿದ್ದಳು. ಅವಳಿಗೂ ಅದೇ ಶೇ 15 ಇತ್ತು, ಅದೇ ಶೇ 5 ಇತ್ತು. ಆದರೆ ಅವಳ ಮನೆಯವರು ಪಿ.ಯು.ಸಿ.ಗೆ ದಿನಾ ಬಸ್ಸು ಹತ್ತಿ ದಾವಣಗೆರೆಗೆ ಹೋಗೋದು ಬೇಡ ಅಂದರು. ಅವರಪ್ಪ ಕೂಲಿ, ಹಿಂದೆ ಇಬ್ಬರು ತಂಗಿಯರು. ನಮ್ಮಪ್ಪನಿಗೆ ಎರಡು ಎಕರೆ ಇತ್ತು, ಪಿ.ಯು.ಸಿ. ಅಂದ್ರೇನು ಅಂತ ಗೊತ್ತಿತ್ತು, ಯಾವ ಫಾರಂ ಎಲ್ಲಿ ತುಂಬಬೇಕು ಅಂತ ಗೊತ್ತಿತ್ತು. ಅವಳ ಅಪ್ಪನಿಗೆ ಇದ್ಯಾವುದೂ ಇರಲಿಲ್ಲ. ಮೀಸಲಾತಿ ಕಾಲೇಜಿನ ಬಾಗಿಲಲ್ಲಿ ನಿಂತಿರುತ್ತೆ. ಆ ಬಾಗಿಲ ತನಕ ನಡೆದು ಬಂದವರನ್ನ ಮಾತ್ರ ಅದು ಕೈಹಿಡಿಯೋಕೆ ಆಗುತ್ತೆ.

2006ರಲ್ಲಿ ಬೆಂಗಳೂರಿನ ಎನ್.ಐ.ಎ.ಎಸ್. ಸಂಸ್ಥೆಯ ಕೆರೋಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಐಟಿ ಉದ್ಯೋಗಿಗಳ ಬಗ್ಗೆ ಒಂದು ಅಧ್ಯಯನ ಮಾಡಿದ್ದರು. ಈ ಉದ್ಯಮಕ್ಕೆ ಬಂದವರಲ್ಲಿ ಹೆಚ್ಚಿನವರು ಪಟ್ಟಣದ, ಓದಿದ ಮನೆಗಳ, ಮೇಲ್ಜಾತಿಯ ಮಕ್ಕಳು ಅನ್ನೋದು ಅವರು ಕಂಡ ಸಂಗತಿ. ನಮ್ಮ ಪಕ್ಕದ ಕ್ಯೂಬಿಕಲ್‌ಗಳನ್ನ ನೋಡಿದ್ರೆ ಆಶ್ಚರ್ಯ ಆಗಲ್ಲ.

ಕಥೆ ಇನ್ನೂ ಮುಗಿದಿಲ್ಲ. 2019ರಲ್ಲಿ ಬಂದ ಶೇ 10 ಆರ್ಥಿಕ ಮೀಸಲಾತಿಗೆ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. 2022ರಲ್ಲಿ ಸುಪ್ರೀಂ ಕೋರ್ಟು 3-2 ಬಹುಮತದಲ್ಲಿ ಅದನ್ನ ಒಪ್ಪಿತು. ಬಾಲಾಜಿ ಕೇಸಿನ ಶೇ 50ರ ಗೆರೆ ಇದಕ್ಕೆ ಅಡ್ಡ ಬರಲಿಲ್ಲ. ಪರಿಶಿಷ್ಟರು, ಹಿಂದುಳಿದವರು ಈ ಶೇ 10ರ ಲೆಕ್ಕದಲ್ಲಿಲ್ಲ, ಅವರಲ್ಲಿ ಎಷ್ಟೇ ಬಡವರಿದ್ದರೂ. 1963ರ 1,200 ರೂಪಾಯಿಯಲ್ಲಿ ಕೂಲಿಯವನೂ ಇದ್ದ. 8 ಲಕ್ಷದ ಲೆಕ್ಕದಲ್ಲಿ "ಬಡವ" ಅಂದ್ರೆ ಯಾರು, ನೀವೇ ಹೇಳಿ.

ಇನ್ನು ನಮ್ಮ ಬಿ.ಡಿ.ಟಿ. 1951ರಲ್ಲಿ ದಾನದಿಂದ ಹುಟ್ಟಿದ ಆ ಕಾಲೇಜು ಈಗ ವಿ.ಟಿ.ಯು. ಅಡಿಯಲ್ಲಿದೆ. 2024ರಲ್ಲಿ ಅದರ ವಿದ್ಯಾರ್ಥಿಗಳು ದಾವಣಗೆರೆಯಲ್ಲಿ ಬೀದಿಗಿಳಿದಿದ್ದರು. ಬೇಡಿಕೆ ಏನು ಗೊತ್ತಾ? ಅರ್ಧ ಸೀಟುಗಳನ್ನ ಪೇಮೆಂಟ್ ಕೋಟಾ ಮಾಡಿದ್ದನ್ನ ರದ್ದು ಮಾಡಿ ಅಂತ. ಅಂದ್ರೆ ಅಲ್ಲೂ ಈಗ ಸೀಟು ಸಿಕ್ಕವರು ಬೇರೆ, ತಗೊಂಡವರು ಬೇರೆ. ಪೇಮೆಂಟ್ ಸೀಟಿನ ಹುಡುಗರೇನೂ ಸಾಹುಕಾರರ ಮಕ್ಕಳಲ್ಲ. ಅವರ ಅಪ್ಪಂದಿರೂ ನಮ್ಮ ಅಜ್ಜನ ಹಾಗೆ ಹೊಲದ ಲೆಕ್ಕ ಹಾಕಿಯೇ ಫೀಸು ಕಟ್ಟಿರ್ತಾರೆ. ಈ ಸಲ "ಆಗಲಿ, ಓದು" ಅಂದಿದ್ದಾರೆ ಅಷ್ಟೇ.

ನಿಮ್ಮೂರಲ್ಲಿ ಮೊದಲು ಇಂಜಿನಿಯರ್ ಆದವರು ಯಾರು? ಸೀಟು ಸಿಕ್ಕಿತ್ತಾ, ತಗೊಂಡಿದ್ರಾ? ಅದೇ ವರ್ಷ ಅವರ ಜತೆ ಓದಿ ಊರಲ್ಲೇ ಉಳಿದವರು ಯಾರು? ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡಿ, ಗೊತ್ತಾಗಿದ್ದನ್ನ ಇಲ್ಲಿ ಬರೀರಿ. ಎರಡನೇ ಪಟ್ಟಿ ಯಾವ ಸರ್ಕಾರಿ ಕಡತದಲ್ಲೂ ಸಿಗಲ್ಲ, ಅವರ ನೆನಪಲ್ಲಿ ಮಾತ್ರ ಇರೋದು.