ಬೈಲು, ಬೆಟ್ಟು ಮತ್ತು ಆಟ: ಸಾಲಿಗ್ರಾಮ ಸುತ್ತಿನ ಕ್ರೀಡಾ ಪರಂಪರೆಯ ಕೃಷಿಮೂಲ

ಒಂದು ಊರಿನ ಕ್ರೀಡಾ ಇತಿಹಾಸವನ್ನು ಸಾಮಾನ್ಯವಾಗಿ ಕ್ರೀಡಾಂಗಣ, ಸಂಘ, ಪದಕ ಎಂಬ ಮೂರು ಮೊಳೆಗಳಿಗೆ ತೂಗುಹಾಕಿ ಬರೆಯುವುದು ರೂಢಿ. ಗುರುನರಸಿಂಹ ದೇವಸ್ಥಾನಕ್ಕೆ ಹೆಸರಾದ ಸಾಲಿಗ್ರಾಮದ ಮಟ್ಟಿಗೆ ಈ ಕ್ರಮ ಒಗ್ಗುವುದಿಲ್ಲ. ಪಾರಂಪಳ್ಳಿ, ಚಿತ್ರಪಾಡಿ, ಗುಂಡ್ಮಿ, ಕಾರ್ಕಡಗಳು ಕೂಡಿದ ಈ ಪಟ್ಟಣ ಪಂಚಾಯತಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೀತಾನದಿಯ ಹಿನ್ನೀರು, ನಡುವೆ ಗದ್ದೆ. ಇಲ್ಲಿ ಯಾವ ಆಟ ಯಾವಾಗ, ಯಾರ ಕೈಯಲ್ಲಿ ನಡೆಯಬೇಕೆಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಆ ಗದ್ದೆಯ ದರ್ಜೆ ಮತ್ತು ಬೆಳೆಯ ಸರದಿ. ಕೋಟದಿಂದ ಬ್ರಹ್ಮಾವರದವರೆಗೆ, ಬಡಗಣದಲ್ಲಿ ಕುಂದಾಪುರ, ಬೈಂದೂರುಗಳವರೆಗೂ ಈ ಮಾತು ನಿಲ್ಲುತ್ತದೆ ಎಂಬುದು ಈ ಲೇಖನದ ವಾದ.

ಕರಾವಳಿಯ ಒಕ್ಕಲುತನ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಕಾಣುತ್ತದೆ. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುವುದರಿಂದ ಮಳೆಗಾಲದ ಬೆಳೆಯಾದ ಕಾರ್ತಿಯ ಬಳಿಕ ಸುಗ್ಗಿಯೆಂಬ ಎರಡನೆಯ ಬೆಳೆ, ಅನುಕೂಲವಿದ್ದರೆ ಕೊಳ್ಕೆಯೆಂಬ ಮೂರನೆಯ ಬೆಳೆಯೂ ಆಗುತ್ತದೆ. ಮಜಲಿಗೆ ಎರಡು ಬೆಳೆ. ಎತ್ತರದ ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಭತ್ತದ ಬೆಳೆ. ಕಂದಾಯದ ಲೆಕ್ಕಕ್ಕಾಗಿ ಹುಟ್ಟಿದಂತೆ ತೋರುವ ಈ ವಿಂಗಡಣೆ ಆಟದ ವಿಂಗಡಣೆಯೂ ಹೌದು. ಕಂಬಳ ಬೈಲಿನದು, ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಬೆಟ್ಟಿನವು.

ಕಾರ್ತಿ ಕೊಯ್ಲು ಮುಗಿದು ಸುಗ್ಗಿಯ ಬಿತ್ತನೆ ತೊಡಗುವ ಮುನ್ನ, ನವೆಂಬರ್–ಡಿಸೆಂಬರ್ ಹೊತ್ತಿಗೆ ಬೈಲಿನಲ್ಲಿ ನೀರೂ ಇರುತ್ತದೆ, ಬಿಡುವೂ ಇರುತ್ತದೆ. ಉತ್ತು ಹದ ಮಾಡಿದ ಕೆಸರಿನಲ್ಲಿ ಕೋಣ ಓಡಿಸುವುದು ಆ ಬಿಡುವಿನ ಆಚರಣೆ. ವಂಡಾರು, ತಗ್ಗರ್ಸೆ, ಯಡ್ತಾಡಿಗಳಂಥ ಊರುಗಳಲ್ಲಿ ಇದು ಒಂದು ಮನೆತನಕ್ಕೆ ಸೇರಿದ ದೊಡ್ಡ ಗದ್ದೆಯಲ್ಲಿ ನಡೆದುಬಂದ ಸಾಂಪ್ರದಾಯಿಕ ಕಂಬಳ. ಮಂಗಳೂರು, ಕಾರ್ಕಳ, ಮೂಡುಬಿದಿರೆ ಕಡೆಯ ಜೋಡುಕರೆ (ಎರಡು ಓಟದ ಹಾದಿಗಳ) ಕಂಬಳವನ್ನಷ್ಟೇ ಟಿ.ವಿ.ಯಲ್ಲಿ ಕಂಡವರಿಗೆ ಕುಂದಾಪುರ ಸೀಮೆಯ ಕಂಬಳ ಸ್ವಲ್ಪ ಸಪ್ಪೆ ಎನ್ನಿಸಬಹುದು. ಎರಡು ಕರೆಗಳ ನಡುವಿನ ಪೈಪೋಟಿ, ಸೆಕೆಂಡಿನ ನೂರನೆಯ ಭಾಗದ ಲೆಕ್ಕ ಇಲ್ಲಿ ಮೂಲದಲ್ಲಿ ಇರಲಿಲ್ಲ. ಸುತ್ತಿನ ಮನೆಗಳ ಕೋಣಗಳು ಸಿಂಗರಿಸಿಕೊಂಡು ವಾದ್ಯದೊಂದಿಗೆ ಬಂದು, ದೈವ–ದೇವರಿಗೆ ಕೈಮುಗಿದು, ಒಂದರ ಹಿಂದೊಂದು ಗದ್ದೆಗೆ ಇಳಿದರೆ ಆಯಿತು. ಈಚೆಗೆ ಅಲ್ಲೂ ಬಹುಮಾನ, ಧ್ವನಿವರ್ಧಕ ಬಂದಿವೆ. ಹಾಗಿದ್ದರೂ ಗೆಲುವಿಗಿಂತ ಹಾಜರಿಗೆ ಬೆಲೆ ಹೆಚ್ಚು: ಯಾವ ಮನೆಯ ಕೋಣ ಬಂತು, ಯಾವುದು ಬರಲಿಲ್ಲ ಎಂಬುದೇ ಮರುದಿನದ ಮಾತು.

ಆದುದರಿಂದ ಇಲ್ಲಿ ‘ತಂಡ’ವೆಂದರೆ ಮನೆ. ಅದರ ಒಳಗಿನ ಶ್ರಮವಿಭಜನೆಯನ್ನು ನೋಡದೆ ಕಂಬಳವನ್ನು ಬರಿಯ ಜಾನಪದ ವೈಭವವೆಂದು ಹೊಗಳುವುದು ಸಂಶೋಧನೆಗೆ ತಕ್ಕುದಲ್ಲ. ಕೋಣ ಧನಿಯದು, ಓಟ ಒಕ್ಕಲಿನವನದೋ ಆಳಿನದೋ. ತುಳು ಭಾಗದ ಕಂಬಳಗಳಲ್ಲಿ ಹಿಂದಿನ ರಾತ್ರಿಯಿಡೀ ಕೊರಗರನ್ನು ಮಂಜಿನಲ್ಲಿ ಕೂರಿಸಿ ಡೋಲು ಬಡಿಸುತ್ತಿದ್ದ ‘ಪನಿ ಕುಲ್ಲುನಿ’ಯಂಥ ಪದ್ಧತಿಗಳಿದ್ದವು. ಕೊರಗರನ್ನು ಹೀಗೆ ಹೀನವಾಗಿ ಬಳಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಕೋಟದಲ್ಲಿ 1902ರಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯ ಚೋಮನಿಗೆ ಎತ್ತುಗಳಿವೆ, ಉಳುವ ಹಕ್ಕಿಲ್ಲ. ಕಂಬಳದ ಗದ್ದೆಯಲ್ಲಿ ಓಡಿದ ಎಷ್ಟೋ ಮಂದಿಯ ಸ್ಥಿತಿ ಇದರಿಂದ ತೀರ ದೂರದ್ದಲ್ಲ: ಓಡಲು ಗದ್ದೆ ಉಂಟು, ಉಳಲು ಇಲ್ಲ.

1974ರ ಭೂಸುಧಾರಣೆ ಈ ಸಂಬಂಧವನ್ನು ಕಡಿಯಿತು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಹೊಲದ ಒಡೆಯರಾದರು. ದೊಡ್ಡ ಮನೆಗಳಿಗೆ ಗೇಣಿ ಅಕ್ಕಿ ತಪ್ಪಿತು, ಬಿಟ್ಟಿ ಆಳು ತಪ್ಪಿತು, ಕೋಣ ಸಾಕುವ ಹುರುಪೂ ಕುಗ್ಗಿತು. ಇದಕ್ಕೆ ತುಸು ಮೊದಲು, 1969–70ರಲ್ಲಿ, ಬಜಗೋಳಿಯ ಲವ–ಕುಶ ಜೋಡುಕರೆ ಆರಂಭವಾಗಿತ್ತು. ಮನೆತನದ ಬದಲು ಸಮಿತಿ, ಹರಕೆಯ ಬದಲು ಸ್ಪರ್ಧೆ ಎಂಬ ಹೊಸ ಮಾದರಿ ಅದು. ತೆಂಕಣದಲ್ಲಿ ಕಂಬಳ ಬದುಕುಳಿದದ್ದು ಈ ಮಾದರಿಯಿಂದ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳು ಖಚಿತಗೊಂಡವು. ಓಡಿಸುವವನಿಗೂ ಹೆಸರು ಬಂತು. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕೋಣದ ಎಳೆತವನ್ನು ಲೆಕ್ಕಕ್ಕೆ ಹಿಡಿಯದ ಈ ಹೋಲಿಕೆ ಅರ್ಥಹೀನ. ಧನಿಯ ಹೆಸರಷ್ಟೇ ಕೂಗುತ್ತಿದ್ದ ಆಟದಲ್ಲಿ ಓಟಗಾರನ ಹೆಸರು ಮುಂದೆ ಬಂದದ್ದು ಮಾತ್ರ ನಿಜವಾದ ದಾಖಲೆ.

ಕುಂದಾಪುರ ಸೀಮೆ ಈ ದಾರಿಯಲ್ಲಿ ಪೂರ್ತಿ ನಡೆಯಲಿಲ್ಲ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪು ಕಂಬಳವನ್ನು ಸಂಕಟಕ್ಕೆ ದೂಡಿದಾಗ, 2017ರಲ್ಲಿ ರಾಜ್ಯ ಕಂಬಳಕ್ಕೆ ಅವಕಾಶ ನೀಡುವ ಕಾಯಿದೆ ತಿದ್ದುಪಡಿ ತಂದಾಗ, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಾಗ ಚರ್ಚೆಯ ನಡುವೆ ಇದ್ದದ್ದು ಜೋಡುಕರೆಯೇ. ಕೆರಾಡಿಯ ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಈ ಭಾಗದ ಕಂಬಳವನ್ನು ಪರದೆಗೆ ತಂದ ಮೇಲೆಯೇ ಬಡಗಣ ಕಂಬಳದತ್ತ ಹೊರಗಿನವರ ಕಣ್ಣು ಹೊರಳಿತು.

ಇನ್ನು ಬೆಟ್ಟು. ಕಾರ್ತಿಯ ಕೊಯ್ಲಾದ ಮೇಲೆ ಖಾಲಿ ಬೀಳುವ ಈ ಗದ್ದೆಗೆ ಜನವರಿಯಿಂದ ಮೇವರೆಗೆ ಯಜಮಾನನಿದ್ದೂ ಇಲ್ಲ. ಕೂಳೆಯನ್ನು ಸವರಿ, ಅಂಚು ತಗ್ಗಿಸಿ, ನಡುವೆ ಒಂದು ಪಟ್ಟಿ ಗಟ್ಟಿ ಮಾಡಿದರೆ ಪಿಚ್ಚು ಸಿದ್ಧ. ಟೆನಿಸ್ ಚೆಂಡಿನ ಕ್ರಿಕೆಟ್ ಕರಾವಳಿಯಲ್ಲಿ ಬೇರೂರಿದ್ದಕ್ಕೆ ಬಡತನವನ್ನಷ್ಟೇ ಕಾರಣವೆನ್ನಲಾಗದು; ಉಬ್ಬುತಗ್ಗಿನ ಗದ್ದೆಯಲ್ಲಿ ಚರ್ಮದ ಚೆಂಡು ಆಡುವುದೇ ಅಪಾಯ. ಗದ್ದೆ ಚಿಕ್ಕದು, ಹಗಲು ಬಿಸಿಲು ಖಾರ, ಹೀಗಾಗಿ ಓವರುಗಳು ಕಡಿಮೆ. ಮುಂದೆ ಹೊನಲು ಬೆಳಕಿನ ಪಂದ್ಯಾಟ. ಕುಂದಾಪುರದ ಗಾಂಧಿ ಮೈದಾನದಂಥ ದೊಡ್ಡ ಅಂಗಣ ಕಂಡ ಚಕ್ರವರ್ತಿ, ಟೊರ್ಪೆಡೋಸ್ ಮುಂತಾದ ತಂಡಗಳ ಹೆಸರು ಜಿಲ್ಲೆ ದಾಟಿತು. ಅವುಗಳ ಹಿಂದೆ ಹೆಸರು ಉಳಿಯದ ಗದ್ದೆ ತಂಡಗಳ ಸಾಲೇ ಇತ್ತು.

ಕೋಟ–ಸಾಲಿಗ್ರಾಮದ ಮರಳುಮಿಶ್ರಿತ ಮಣ್ಣು ನೆಲಗಡಲೆಗೂ ಉದ್ದಿಗೂ ಒಳ್ಳೆಯದು. ಆದ್ದರಿಂದ ಇಲ್ಲಿ ಬೆಟ್ಟು ಖಾಲಿ ಬೀಳುವುದು ಖಾತ್ರಿಯಲ್ಲ. ಕಡಲೆ ಬಿತ್ತಿದ ವರ್ಷ ಆಟ ಪಕ್ಕದ ಗದ್ದೆಗೆ ಹೋಗಬೇಕು, ಇಲ್ಲವೇ ಶಾಲೆಯ ಅಂಗಳಕ್ಕೆ. ಅದೇ ಗದ್ದೆಗೆ ಯಕ್ಷಗಾನವೂ ಪಾಲುದಾರ. ಹೊರಗೆ ಈ ಊರಿನ ಹೆಸರು ಹೊತ್ತು ತಿರುಗಿದ ಅತ್ಯಂತ ಪ್ರಸಿದ್ಧ ‘ತಂಡ’ ಸಾಲಿಗ್ರಾಮ ಮೇಳವೇ; 1975ರಲ್ಲಿ ಹುಟ್ಟಿದ ಮಕ್ಕಳ ಮೇಳ ಅದಕ್ಕೆ ಜೊತೆ. ಕುಣಿತದ ದಮ್ಮು, ಗಿರಕಿ, ಮಂಡಿಯ ಬಲ ನೋಡಿದವರು ಇದನ್ನು ಕ್ರೀಡೆಯ ಅಧ್ಯಾಯದಿಂದ ಹೊರಗಿಡಲು ಹಿಂಜರಿದಾರು. ನಾನಂತೂ ಹಿಂಜರಿಯುತ್ತೇನೆ.

ಈ ಗದ್ದೆಗಳು ತಂಡಗಳನ್ನು ಬೆಳೆಸಿದವು, ಪದಕದ ಕ್ರೀಡಾಪಟುಗಳನ್ನು ಬೆಳೆಸಲಿಲ್ಲ. ಪದಕ ಗೆದ್ದವರು ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಸಿದ್ದಾಪುರ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜೆ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ ಎತ್ತಿ ಕಂಚು ಪಡೆದರು. ಆದರೆ ಗುರುರಾಜರ ಭಾರ ಎತ್ತುವಿಕೆ ಗಟ್ಟಿಯಾದದ್ದು ಉಜಿರೆಯ ಕಾಲೇಜಿನಲ್ಲಿ. ಒಬ್ಬಂಟಿ ಸಾಧನೆಗೆ ಬೇಕಾದ ತರಬೇತುದಾರ, ಸಲಕರಣೆ, ವರ್ಷವಿಡೀ ಅಭ್ಯಾಸ ಇವು ಬೆಳೆಯ ಸರದಿಗೆ ಕಟ್ಟುಬಿದ್ದ ನೆಲದಲ್ಲಿ ಸಿಗುವಂಥವಲ್ಲ.

ಈಗ ಸರದಿಯೇ ಸಡಿಲಗೊಂಡಿದೆ. ಹೆದ್ದಾರಿ 66 ಚತುಷ್ಪಥವಾದ ಮೇಲೆ ರಸ್ತೆ ಬದಿಯ ಬೆಟ್ಟುಗದ್ದೆಗಳಿಗೆ ಮಣ್ಣು ಬಿದ್ದು ಅಂಗಡಿ ಎದ್ದಿವೆ. ಒಳಗಿನವು ನಾಟಿಯಿಲ್ಲದೆ ಹಡಿಲು ಬಿದ್ದು ಪೊದೆ ಹತ್ತಿವೆ. ವ್ಯವಸಾಯ ನಿಂತರೆ ಮೈದಾನ ಹೆಚ್ಚುತ್ತದೆ ಎಂದು ದೂರದವರು ಭಾವಿಸುವುದುಂಟು. ಆಗುವುದು ತಿರುಗುಮುರುಗು: ಉತ್ತು ಕೊಯ್ದ ಗದ್ದೆ ಮಾತ್ರ ಆಡಲು ಬರುತ್ತದೆ. ಆಸಾಡಿಯ (ಆಷಾಢದ) ಕೆಸರುಗದ್ದೆ ಕ್ರೀಡೋತ್ಸವಗಳಲ್ಲಿ ಹಗ್ಗಜಗ್ಗಾಟ, ವಾಲಿಬಾಲ್ ನಡೆಸಲು ಸಂಘಟಕರು ಈಗ ಮೊದಲು ಹುಡುಕಬೇಕಾದದ್ದು ಇನ್ನೂ ಬೇಸಾಯ ಬಿಡದ ಒಬ್ಬ ರೈತನನ್ನು. ಪಾರಂಪಳ್ಳಿಯ ಹಿನ್ನೀರಿನ ಕಾಂಡ್ಲಾ ಪೊದೆಗಳ ನಡುವೆ ಪ್ರವಾಸಿಗರು ಕಯಾಕ್ ಹುಟ್ಟುಹಾಕುವುದಕ್ಕೆ ಅಂಥ ರೈತ ಬೇಕಿಲ್ಲ, ತಂಡವೂ ಬೇಕಿಲ್ಲ. ಗಂಟೆಯ ಬಾಡಿಗೆ ಸಾಕು.