ಸವಳು ನೀರು: ನುಗ್ಗೆ ಬೀಜ, ಇದ್ದಿಲಿನಿಂದ ಉಪ್ಪು ಹೋಗುತ್ತಾ?

ಬೇಸಿಗೆ ಬಂತೆಂದರೆ ಬೋರ್‌ವೆಲ್ ನೀರು ಬಾಯಿಗಿಡೋಕೆ ಆಗಲ್ಲ, ಚಹಾ ಅಂಗಡಿ ಪಾತ್ರೆಯಲ್ಲಿ ಬಿಳಿ ಪೊರೆ. ನುಗ್ಗೆ ಬೀಜ ಹಾಕಿ, ಇದ್ದಿಲಲ್ಲಿ ಸೋಸಿ, ಉಪ್ಪು ಹೋಗುತ್ತೆ ಅನ್ನುವವರು ಬಹಳ. ನಂಬುವ ಮುನ್ನ ಇದನ್ನು ಓದಿ.

ಯಾವುದು ಏನು ಮಾಡುತ್ತೆ?
* ನುಗ್ಗೆ ಬೀಜದ ಪುಡಿ, ಪಟಿಕ: ಕೆಸರನ್ನು ಗಂಟು ಕಟ್ಟಿಸಿ ತಳಕ್ಕಿಳಿಸುತ್ತವೆ. ನೀರು ತಿಳಿಯಾಗುತ್ತೆ, ಉಪ್ಪು ಹೋಗಲ್ಲ.
* ಇದ್ದಿಲು, ಮರಳು: ಕಸ ತಡೆಯುತ್ತವೆ, ಇದ್ದಿಲು ವಾಸನೆಯನ್ನೂ ಹೀರುತ್ತೆ. ಕರಗಿದ ಉಪ್ಪು ಹಾಗೇ ದಾಟಿಹೋಗುತ್ತೆ.
* ಕುದಿಸುವುದು: ರೋಗಾಣು ಸಾಯುತ್ತವೆ, ಸ್ವಲ್ಪ ಗಡಸುತನ ಇಳಿಯುತ್ತೆ. ಆದರೆ ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಉಪ್ಪು, ಫ್ಲೋರೈಡ್ ಹೆಚ್ಚು ಗಟ್ಟಿಯಾಗುತ್ತವೆ.

ಕಡಿಮೆ ಖರ್ಚಲ್ಲಿ ನಿಜಕ್ಕೂ ಕೆಲಸ ಮಾಡುವುದು ಎರಡೇ: ಬಿಸಿಲು ಮತ್ತು ಮಳೆ.

ಬಿಸಿಲು: ಒಳಗೆ ಕಪ್ಪು ಬಣ್ಣವಿರುವ ಅಗಲ ತೊಟ್ಟಿಗೆ ಎರಡು-ಮೂರು ಸೆಂ.ಮೀ. ನೀರು ತುಂಬಿ, ಮೇಲೆ ಗಾಜನ್ನು ಇಳಿಜಾರಾಗಿ ಮುಚ್ಚಿ, ಸಂದು ಬಿಗಿ ಮಾಡಿ. ಆವಿ ಗಾಜಿಗೆ ತಾಗಿ ಹನಿಯಾಗಿ ಜಾರುತ್ತೆ. ಕೆಳ ಅಂಚಿನ ಕಾಲುವೆಯಿಂದ ಹಿಡಿದುಕೊಳ್ಳಿ. ಉಪ್ಪು, ಫ್ಲೋರೈಡ್ ತೊಟ್ಟಿಯಲ್ಲೇ ಉಳಿಯುತ್ತವೆ. ಒಳ್ಳೆ ಬಿಸಿಲಿಗೆ ಒಂದು ಚದರ ಮೀಟರ್‌ಗೆ ದಿನಕ್ಕೆ 2ರಿಂದ 4 ಲೀಟರ್ ಸಿಗುತ್ತೆ. 1872ರಲ್ಲೇ ಚಿಲಿ ದೇಶದ ಲಾಸ್ ಸಾಲಿನಾಸ್ ಗಣಿ ಊರಲ್ಲಿ ಇದೇ ವಿಧಾನದಿಂದ ದಿನಕ್ಕೆ 20 ಸಾವಿರ ಲೀಟರ್‌ಗೂ ಹೆಚ್ಚು ಸಿಹಿನೀರು ತೆಗೆಯುತ್ತಿದ್ದರು. ತೊಟ್ಟಿಯ ಉಪ್ಪನ್ನು ಆಗಾಗ ತೊಳೆದು ಹಾಕಬೇಕು. ಆ ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ.

ಮಳೆ: 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಹತ್ತಿರಹತ್ತಿರ 1,000 ಲೀಟರ್. ಮೊದಲ ಮಳೆನೀರು ಹೊರಬಿಟ್ಟು, ಆಮೇಲಿನದ್ದನ್ನು ಸೋಸಿ ಮುಚ್ಚಿಡಿ. ಟಿಡಿಎಸ್ 2,000 ಇರುವ ಒಂದು ಕೊಡ ನೀರಿಗೆ ಮೂರು ಕೊಡ ಮಳೆನೀರು ಬೆರೆಸಿದರೆ ಸುಮಾರು 500ಕ್ಕೆ ಇಳಿಯುತ್ತೆ. ಕುದಿಸಿ ಆರಿಸಿ ಕುಡಿಯಿರಿ.

ಎಷ್ಟಿರಬೇಕು? ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ ಟಿಡಿಎಸ್ 500 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ. ಫ್ಲೋರೈಡ್ 1 ಮಿ.ಗ್ರಾಂ, ಹೆಚ್ಚೆಂದರೆ 1.5. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸಲ್ಲ, ರೋಗಾಣುವನ್ನೂ ತೋರಿಸಲ್ಲ. ಅದಕ್ಕೆ ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿಸಬೇಕು.

ಬಿಸಿಲ ತೊಟ್ಟಿ ಮನೆಯವರ ಕುಡಿಯುವ ನೀರಿಗೆ ಸಾಕು, ಹೋಟೆಲ್‌ಗೆ ಸಾಲದು. ಮನೆಯಲ್ಲಿ ಬಿ.ಪಿ. ಅಥವಾ ಕಿಡ್ನಿ ತೊಂದರೆ ಇರುವವರಿದ್ದರೆ, ತಿಳಿಯಾಗಿ ಕಂಡ ನೀರನ್ನು ಸಿಹಿನೀರು ಅಂದುಕೊಳ್ಳಬೇಡಿ.