ಜೋಜಿಲಾ ಏರಿದ ಟ್ಯಾಂಕು, ಮರೆತುಹೋದ ಕೀಲೆಣ್ಣೆ

1948ರ ನವೆಂಬರ್ 1. ಹಿಮ ಸುರಿಯುತ್ತಿದ್ದ ಮಧ್ಯಾಹ್ನ ಜೋಜಿಲಾ ಕಣಿವೆಯಲ್ಲಿ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಕಾಣಿಸಿಕೊಂಡವು. ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕು ಬಂದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ಕತ್ತಲಾಗುವಷ್ಟರಲ್ಲಿ ಕಣಿವೆದಾರಿ ಭಾರತದ ಕೈಸೇರಿತ್ತು. ಮುಂಚೂಣಿಯ ಟ್ಯಾಂಕೊಂದರಲ್ಲಿ ಡಿವಿಷನ್ನಿನ ದಂಡನಾಯಕರೇ ಇದ್ದರು: ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಅದು ದುರಸ್ತಿಯ ಕಥೆಯೂ ಹೌದು.

ಆ ವರ್ಷದ ಬೇಸಿಗೆಯಲ್ಲಿ ದ್ರಾಸ್, ಕಾರ್ಗಿಲ್ ಕೈತಪ್ಪಿದ್ದವು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಜೋಜಿಲಾದ ಮೇಲೆ ನಡೆಸಿದ ದಾಳಿ ವಿಫಲವಾಗಿತ್ತು. ಚಳಿಗಾಲ ಕವಿಯುವ ಮೊದಲು ದಾರಿ ತೆರೆಯದಿದ್ದರೆ ಲೇಹ್‌ಗೆ ನೆಲಮಾರ್ಗವೇ ಇರುತ್ತಿರಲಿಲ್ಲ. ಹಾಗಾಗಿ ಟ್ಯಾಂಕು ಒಯ್ಯುವ ಯೋಚನೆ. ಜಮ್ಮುವಿನಿಂದ ಶ್ರೀನಗರದ ದಾರಿಯಲ್ಲಿ ಸೇತುವೆಗಳು ದುರ್ಬಲ, ಗುಟ್ಟೂ ಬಯಲಾಗಬಾರದು. ಗೋಪುರಗಳನ್ನು ಕಳಚಿ ಸಾಗಿಸಿ, ಮುಂದೆ ಮತ್ತೆ ಕೂರಿಸಿದರು. ಬಾಲ್ತಾಲ್‌ನಿಂದ ಮೇಲಿನ ಹೇಸರಗತ್ತೆ ದಾರಿಯನ್ನು ಟ್ಯಾಂಕು ಹಾಯುವಷ್ಟು ಅಗಲ ಮಾಡಿದವರು ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್‌ನವರು.

ದಾರಿ ಸಿಕ್ಕಿದ ಮಾತ್ರಕ್ಕೆ ಯಂತ್ರ ಏರುವುದಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ. ಎಂಜಿನ್ನಿಗೆ ಗಾಳಿ ಸಾಲದು, ಬಲ ಕುಗ್ಗುತ್ತದೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬ್ಯಾಟರಿ ಸೋಲುತ್ತದೆ, ರೇಡಿಯೇಟರಿನ ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಬಿರಿಯುತ್ತದೆ. ಟ್ಯಾಂಕಿನ ಚೈನು ಸಡಿಲವಾದರೆ ತಿರುವಿನಲ್ಲಿ ಕಳಚಿಕೊಳ್ಳುತ್ತದೆ. ಬಿಗಿಯಾದರೆ ಬೇಗ ಸವೆಯುತ್ತದೆ. ಹಗಲು ಮೆತ್ತಿಕೊಂಡ ಕೆಸರನ್ನು ಸಂಜೆಯೇ ಕೆರೆಯದಿದ್ದರೆ ಬೆಳಿಗ್ಗೆ ಅದು ಕಲ್ಲಾಗಿ ಗಾಲಿಯನ್ನು ಹಿಡಿದುಬಿಡುತ್ತದೆ. ಒಂದೇ ಟ್ಯಾಂಕು ಅಡ್ಡ ನಿಂತರೂ ಇಕ್ಕಟ್ಟಿನ ದಾರಿಯಲ್ಲಿ ಹಿಂದಿನವೆಲ್ಲ ನಿಂತಂತೆಯೇ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಸವರದೆ ಜಾತ್ರೆಗೆ ಹೊರಡದ ಊರಿನವರಿಗೆ ಈ ಲೆಕ್ಕ ಹೊಸದಲ್ಲ.

ಈ ಶಿಸ್ತನ್ನು ಸೈನಿಕರಿಗೆ ಹೇಗೆ ಕಲಿಸುವುದೆಂಬುದು ಎಲ್ಲ ಸೇನೆಗಳ ತಲೆನೋವು. ದಪ್ಪ ಕೈಪಿಡಿಗಳನ್ನು ಯಾರೂ ಓದುವುದಿಲ್ಲವೆಂದು ಕಂಡುಕೊಂಡ ಅಮೆರಿಕದ ಸೇನೆ 1951ರಲ್ಲಿ 'ಪಿಎಸ್' ಎಂಬ ಪುಟ್ಟ ಮಾಸಪತ್ರಿಕೆ ಶುರುಮಾಡಿತು. ಖ್ಯಾತ ವ್ಯಂಗ್ಯಚಿತ್ರಕಾರ ವಿಲ್ ಐಸ್ನರ್ ಅದರಲ್ಲಿ ನಟ್ಟು-ಬೋಲ್ಟಿನ ಪಾಠವನ್ನು ಚಿತ್ರಕಥೆಯಾಗಿಸಿದರು. ಭಾರತದಲ್ಲಿ ಈ ವಿದ್ಯೆಯ ಹೊಣೆ 1943ರಲ್ಲಿ ರೂಪುಗೊಂಡ ಇಎಂಇ ಪಡೆಯದು. ಆದರೂ ದಿನದ ಮೊದಲ ತಪಾಸಣೆ ಟ್ಯಾಂಕಿನೊಳಗೆ ಕೂರುವವರದೇ. ಮೆಕ್ಯಾನಿಕ್ ಬರುವ ಮುನ್ನ ಎಣ್ಣೆ ಸೋರಿದ ಕಲೆ ಕಾಣುವುದು ಅವರ ಕಣ್ಣಿಗೆ.

ಜೋಜಿಲಾ ತೆರೆದ ಮೇಲೆ ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮರಳಿ ಬಂದವು, ಲೇಹ್ ಉಳಿಯಿತು. 2020ರ ಚಳಿಗಾಲದಲ್ಲಿ ಪೂರ್ವ ಲಡಾಖಿನ ಇನ್ನೂ ಎತ್ತರದ ಬಯಲುಗಳಲ್ಲಿ ಟಿ-72, ಟಿ-90 ಟ್ಯಾಂಕುಗಳು ನಿಂತಾಗ ಅವುಗಳ ಸಿಬ್ಬಂದಿಯನ್ನು ಕಾಡಿದ್ದೂ ಅದೇ ಚಳಿ, ಅದೇ ಎಣ್ಣೆ, ಅದೇ ಬ್ಯಾಟರಿ.

ತಿಮ್ಮಯ್ಯನವರು 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಅವರ ಹೆಸರಿನ ರಸ್ತೆಗಳಿವೆ, ಮಡಿಕೇರಿಯಲ್ಲಿ ಅವರ ಮನೆ ಈಗ ವಸ್ತುಸಂಗ್ರಹಾಲಯ. ಆ ಗೋಪುರಗಳನ್ನು ಕಳಚಿ ಜೋಡಿಸಿದ ಕೈಗಳ ಹೆಸರು ಯಾವ ಬೀದಿಯ ಫಲಕದಲ್ಲೂ ಇಲ್ಲ. ಕೆಟ್ಟು ನಿಂತ ಗಾಡಿ ಸುದ್ದಿಯಾಗುತ್ತದೆ. ಕೆಡದಂತೆ ನೋಡಿಕೊಂಡವನ ಕೆಲಸ ಕಣ್ಣಿಗೇ ಬೀಳುವುದಿಲ್ಲ.